ಹಳ್ಳದ ಎರಡೂ ದಂಡೆಗೆ ಸೊನ್ನೆ

ಪೆರು ಎಂಬ ದೇಶ ಎಲ್ಲಿದೆ ಎಂದು ನನಗೆ ತೋರಿಸಿಕೊಟ್ಟವರು ಒಬ್ಬ ನಿವೃತ್ತ ಮಾಸ್ತರು. ಭೂಗೋಳ ಕಲಿಸುವ ಉದ್ದೇಶವೇನೂ ಅವರಿಗಿರಲಿಲ್ಲ. ಅಲ್ಲಿಯ ಮಂದಿ ಎಷ್ಟು ಸಾಯುತ್ತಿದ್ದಾರೆ, ನಾವು ಎಷ್ಟು ಸಾಯುತ್ತಿಲ್ಲ ಎಂದು ತೋರಿಸಬೇಕಿತ್ತು, ಅಷ್ಟೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಸರಕಾರಿ ನರ್ಸು. ಹುಟ್ಟಿದ್ದು ಗುರುಗುಂಟಾದಲ್ಲಿ, ನೌಕರಿ ಸಿಕ್ಕಿದ್ದು ಮಸ್ಕಿಯಿಂದ ಒಳಗೆ, ಹಳ್ಳದ ದಂಡೆಯ ಒಂದು ಊರಿನಲ್ಲಿ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯವರು ಈಗಲೂ ನನ್ನನ್ನು ಬೈಯುತ್ತಾರೆ. ಹಳ್ಳದ ಈ ದಂಡೆ ಲಿಂಗಸುಗೂರು ತಾಲೂಕು, ಆ ದಂಡೆ ಸಿಂಧನೂರು ತಾಲೂಕು. ಬೇಸಿಗೆಯಲ್ಲಿ ಎರಡರ ನಡುವೆ ಇರುತ್ತಿದ್ದದ್ದು ಬರೀ ಮರಳು, ಆ ಮರಳಿನಲ್ಲಿ ಎರಡೂ ದಂಡೆಯ ಹೆಂಗಸರು ತೋಡಿಕೊಂಡ ವರತಿಗಳು. ಮೊಣಕಾಲು ಆಳದ ಕುಣಿ ತೋಡಿ ಕೂತು, ಒಸರಿದ ನೀರನ್ನು ಬಟ್ಟಲಿನಿಂದ ಕೊಡಕ್ಕೆ ತುಂಬಬೇಕು. ಕುಡಿಯುವುದೂ ಅದನ್ನೇ. ಅದೇ ಮರಳಿನ ಮೇಲ್ಭಾಗದಲ್ಲಿ ಬೆಳಿಗ್ಗೆ ಎರಡೂ ತಾಲೂಕಿನವರು ಚೆಂಬು ಹಿಡಿದು ಕೂತು ಬರುತ್ತಿದ್ದರು. ಚೆಂಬು ಮಾತ್ರ ಬೇರೆ ಬೇರೆ.

ಹನ್ನೊಂದರ ಬಸ್ಸಿಗೆ ಪೇಪರ್ ಬರುತ್ತಿತ್ತು. ಮಾಸ್ತರು ಅದನ್ನು ಶಾಲೆಯ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಓದುತ್ತಿದ್ದರು. ಆ ಬೇಸಿಗೆ ದಕ್ಷಿಣ ಅಮೆರಿಕದಲ್ಲಿ ಕಾಲರಾ ಹಬ್ಬಿತ್ತು. ಯಾವ ದೇಶದಲ್ಲಿ ಎಷ್ಟು ಮಂದಿಗೆ ಬಂತು, ಎಷ್ಟು ಮಂದಿ ಹೋದರು ಎಂದು ಪೇಪರಿನಲ್ಲಿ ಪಟ್ಟಿ ಬಂದಿತ್ತು. ಮಾಸ್ತರು ಶಾಲೆಯ ಹಳೆಯ ಜಗತ್ತಿನ ನಕಾಶೆಯನ್ನು ಕಟ್ಟೆಯ ಗೋಡೆಗೆ ತೂಗುಹಾಕಿ, ಸಾವು ಹೆಚ್ಚಿದ್ದ ದೇಶಗಳಿಗೆ ಕೆಂಪು ಪೆನ್ಸಿಲ್ ಬಳಿದರು.

"ಬರ್ರಿ ನರ್ಸಬಾಯಿ, ನೋಡ್ರಿ. ಈ ಪೆರು ದೇಶದಾಗ ಮಂದಿ ಹಸೇ ಮೀನ ತಿಂತಾರಂತ! ಬ್ಯಾನಿ ಬರದ ಏನಾಗ್ತದ್ರಿ?" ಎಂದು ನನ್ನನ್ನು ಕರೆದರು. "ಈಗ ನಮ್ಮ ದೇಶದ ಮುಂದ ನೋಡ್ರಿ. ಎಷ್ಟು ಸಣ್ಣ ಅಂಕಿ! ಇನ್ನ ನಮ್ಮೂರಾಗಂತೂ ಸೊನ್ನಿ. ಇದಕ್ಕ ಏನಂತಾರ ಹೇಳ್ರಿ? ಸಂಸ್ಕಾರ ಅಂತಾರ."

ನಾನು ಹೂಂ ಎಂದೆ. ಆ ಸೊನ್ನೆಯನ್ನು ಬರೆದವಳು ನಾನೇ ಎಂದು ಅವರಿಗೆ ಹೇಗೆ ಹೇಳಲಿ? ಜಗತ್ತಿನ ಪಟ್ಟಿಯಲ್ಲಿ ನಮ್ಮ ದೇಶದ ಮಾನ ಕಾಯುತ್ತಿದ್ದ ಸಾವಿರಾರು ಕೈಗಳಲ್ಲಿ ಒಂದು ಕೈ ನನ್ನದು. ಆ ಕೈಗೆ ಬಾಲ್ ಪೆನ್ನು ಮತ್ತು ಸ್ಟಾಂಪ್ ಪ್ಯಾಡು ಕೊಟ್ಟಿದ್ದರು.

ಸೊನ್ನೆ ಬರೆಯುವುದು ಸುಲಭದ ಕೆಲಸ ಎಂದು ತಿಳಿಯಬೇಡಿ, ಅದಕ್ಕೂ ಕಲಿಕೆ ಬೇಕು. ಮೊದಲನೆಯ ಪಾಠ, ಕಾಲರಾ ಎಂಬ ಶಬ್ದವನ್ನು ರಿಪೋರ್ಟಿನಲ್ಲಿ ಬರೆಯಬಾರದು. ಹಾಗೆಂದು ಯಾವ ಕಾಗದದಲ್ಲಿಯೂ ಹೇಳಿರಲಿಲ್ಲ. ತಾಲೂಕಿನ ಆರೋಗ್ಯಾಧಿಕಾರಿಯಾಗಿದ್ದ ನಮ್ಮ ಸಾಹೇಬರು ಮೀಟಿಂಗಿನಲ್ಲಿ ಚಹಾ ಕುಡಿಯುತ್ತ, "ವಾಂತಿಭೇದಿ ಅಂತ ಬರೀರಿ ಬೇ, ಸಾಕು. ಆ ದೊಡ್ಡ ಶಬ್ದ ಬರದ್ರ ಮ್ಯಾಲಿಂದ ಜೀಪು ಬರ್ತಾವ, ಜೀಪಿನಾಗ ಪ್ರಶ್ನಿ ಬರ್ತಾವ" ಎಂದಿದ್ದರು. ಎರಡನೆಯ ಪಾಠ, ವಾಂತಿಭೇದಿ ಬಂದವರು ಎಷ್ಟಾದರೂ ಇರಲಿ, ರಿಪೋರ್ಟಿನಲ್ಲಿ ಸಾವಿನ ಅಂಕಿ ಬರೆಯುವ ಮನೆ ಆದಷ್ಟು ಖಾಲಿ ಇರಬೇಕು. ತಾಲೂಕು ತಾಲೂಕಿಗೆ ಹೋಲಿಸಿ ನೋಡುವವರು ಮೇಲೆ ಕೂತಿರುತ್ತಾರೆ. ನಾಲ್ಕು ಸಾವು ಬರೆದವಳು ಕೆಲಸಗಳ್ಳಿ, ಸೊನ್ನೆ ಬರೆದವಳು ಶಾಣ್ಯಾಕಿ. ಮೂರನೆಯ ಪಾಠವನ್ನು ನನಗೆ ಕಲಿಸಿದ್ದು ಊರು.

ಊರಿಗೆ ವಾಂತಿಭೇದಿ ಬಂದರೆ ಅಮ್ಮ ಬಂದಳೆನ್ನುತ್ತಿದ್ದರು. ಬಂದ ಅಮ್ಮನನ್ನು ಕಳಿಸಿಕೊಡಬೇಕಲ್ಲ? ಮೊರದಲ್ಲಿ ಬೇವಿನ ಸೊಪ್ಪು, ಹಸಿರು ಬಳೆ, ಕುಬಸದ ಕಣ, ಮೊಸರನ್ನ ಇಟ್ಟು, ಹಲಗೆ ಬಾರಿಸಿಕೊಂಡು ಹೋಗಿ ಹಳ್ಳ ದಾಟಿಸಿ, ಆ ದಂಡೆಯಲ್ಲಿ ಇಟ್ಟು ತಿರುಗಿ ನೋಡದೆ ಬರುವುದು. ಗಡಿ ದಾಟಿಸುವುದು ಎಂದರೆ ಇದೇ. ಆ ದಂಡೆಯವರು ಸುಮ್ಮನೆ ಇರುತ್ತಾರೆಯೇ? ಅವರಿಗೆ ಬೇಮಾರಿ ಬಂದಾಗ ಅವರ ಮೊರ ನಮ್ಮ ದಂಡೆಗೆ ಬರುತ್ತಿತ್ತು. ಅಮ್ಮ ಪಾಪ ಎರಡು ತಾಲೂಕಿನ ನಡುವೆ ಬಸ್ಸಿನ ಕಂಡಕ್ಟರಿನಂತೆ ತಿರುಗುತ್ತಿದ್ದಳು.

ಗಡಿ ದಾಟಿಸಿದ ಮೇಲೆ ಊರೊಳಗೆ ಅದೇ ಬೇಮಾರಿಯಿಂದ ಯಾರಾದರೂ ಸತ್ತರೆ ಮಾಡಿದ್ದೆಲ್ಲ ಕೆಟ್ಟಿತೆಂದು ಲೆಕ್ಕ. ಆ ವರ್ಷ ಊರಲ್ಲಿ ಮದುವೆಯ ಹಂದರ ಹಾಕುವಂತಿಲ್ಲ, ಯಾರ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಹೆಣ್ಣು ಕೊಡುವುದಿಲ್ಲ, ತರುವುದೂ ಇಲ್ಲ. ಹೀಗಾಗಿ ರೋಗಿ ಕೈಬಿಟ್ಟು ಹೋಗುವಂತೆ ಕಂಡರೆ ಬಂಡಿಯಲ್ಲಿ ಹಾಕಿ ಹಳ್ಳದಾಚೆ ಯಾರಾದರೂ ಬೀಗರ ಹೊಲಕ್ಕೆ ಒಯ್ಯುತ್ತಿದ್ದರು. ಸಾಯುವುದಿದ್ದರೆ ಅಲ್ಲಿ ಸಾಯಲಿ. ಆ ದಂಡೆಯವರೂ ತಮ್ಮವರನ್ನು ಈ ದಂಡೆಗೆ ತರುತ್ತಿದ್ದರು. ಯಾರೂ ಯಾರನ್ನೂ ಬೇಡ ಅನ್ನುತ್ತಿರಲಿಲ್ಲ.

ಇದರಿಂದ ನಮ್ಮ ಇಲಾಖೆಗೆ ಆದ ಉಪಕಾರ ಅಷ್ಟಿಷ್ಟಲ್ಲ. ಈ ಊರಿನವರು ಆ ದಂಡೆಯಲ್ಲಿ ಸತ್ತರೆ ನಾನು "ಇಲ್ಲಿ ಸಾವು ಇಲ್ಲ" ಎಂದು ಬರೆಯುತ್ತಿದ್ದೆ. ಆ ದಂಡೆಯ ನರ್ಸು "ಸತ್ತವರು ಇಲ್ಲಿಯವರಲ್ಲ" ಎಂದು ಬರೆಯುತ್ತಿದ್ದಳು. ಇಬ್ಬರದೂ ಖರೆ. ನಾವಿಬ್ಬರೂ ಒಂದೇ ಕಡೆ ತರಬೇತಿ ಪಡೆದವರು, ಗೆಳತಿಯರು. ತಿಂಗಳ ಕೊನೆಗೆ ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ಭೇಟಿಯಾಗಿ ಮಿರ್ಚಿ ತಿಂದು, ಅವಳು ಸಿಂಧನೂರಿನ ಬಸ್ಸು ಹತ್ತುತ್ತಿದ್ದಳು, ನಾನು ಲಿಂಗಸುಗೂರಿನ ಬಸ್ಸು. ಇಬ್ಬರ ಚೀಲದಲ್ಲೂ ಒಂದೊಂದು ಸೊನ್ನೆ. ಮಸ್ಕಿಯ ಗುಡ್ಡದಲ್ಲಿ ಹಿಂದಿನ ಕಾಲದ ರಾಜನೊಬ್ಬ ಪ್ರಜೆಗಳ ಒಳಿತಿಗೆಂದು ಕಲ್ಲಿನ ಮೇಲೆ ಬರೆಸಿದ ಮಾತುಗಳಿವೆ. ಅದೇ ಗುಡ್ಡದ ಕೆಳಗೆ ಕೂತು ನಾವು ಬಾಯಿ ಸುಡುವ ಮಿರ್ಚಿ ತಿನ್ನುತ್ತ ನಗುತ್ತಿದ್ದೆವು.

ಆ ನಗೆ ನಿಂತದ್ದು ನಮ್ಮ ಆಯಿಯ ಸೊಸೆ ಸತ್ತ ದಿನ.

ಆಯಿ ಎಂದರೆ ನಾನು ಬಾಡಿಗೆಗಿದ್ದ ಮನೆಯ ಒಡತಿ. ಅರವತ್ತು ದಾಟಿದ ಮುದುಕಿ, ಬಾಯಿ ಜೋರು, ಮುಂಜಾನೆ ವಿಭೂತಿ ಹಚ್ಚದೆ ನೀರು ಮುಟ್ಟುವವಳಲ್ಲ. ಮಗ ಎತ್ತು ಬಂಡಿ ಇಟ್ಟುಕೊಂಡು ದುಡಿಯುತ್ತಿದ್ದ. ಸೊಸೆಗೆ ಇಪ್ಪತ್ತೈದೂ ಆಗಿರಲಿಲ್ಲ. ನಾಲ್ಕು ವರ್ಷದ ಒಬ್ಬ ಮಗಳಿದ್ದಳು. ಗೊರೇಬಾಳದ ಕಡೆಗೆ ಭತ್ತದ ನಾಟಿಗೆ ಹೋದರೆ ಇಡೀ ಗುಂಪಿಗೆ ಹಾಡು ಹೇಳಿಕೊಡುವವಳು ಅವಳೇ. ನನ್ನ ತಲೆಗೆ ಎಣ್ಣೆ ಹಚ್ಚಿ, "ಅಕ್ಕಾರ, ನಿಮ್ಮ ತಲಿಯಾಗ ಕೂದಲಕಿಂತ ರಿಪೋರ್ಟಽ ಜಾಸ್ತಿ ಅದಾವ್ ನೋಡ್ರಿ" ಎಂದು ನಗಿಸುತ್ತಿದ್ದಳು.

ಮುಂಜಾನೆ ಶುರುವಾದದ್ದು ಮಧ್ಯಾಹ್ನದೊಳಗೆ ಅವಳ ಕಣ್ಣನ್ನು ಗುಳಿಗೆ ಇಳಿಸಿತ್ತು. ನಾನು ಆ ದಿನ ಲಸಿಕೆ ಹಾಕಲು ಪಕ್ಕದ ತಾಂಡಾಕ್ಕೆ ಹೋಗಿದ್ದೆ. ಓಡಿ ಬರುವಷ್ಟರಲ್ಲಿ ಅಂಗಳದಲ್ಲಿ ಬಂಡಿ ಹೂಡಿತ್ತು. ಊರು ಅಮ್ಮನನ್ನು ಗಡಿ ದಾಟಿಸಿ ಒಂಬತ್ತು ದಿನವಾಗಿತ್ತು. ಅವಳನ್ನು ಬಂಡಿಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿದ್ದರು, ತಲೆಯ ಮೇಲೆ ಸೆರಗು ಹೊದಿಸಿದ್ದರು. ಆಯಿ ಅವಳ ಹೆಗಲು ಹಿಡಿದು ಕೂತಿದ್ದಳು. ನಾನು ಬಂಡಿಗೆ ಕೈಯಿಟ್ಟು ಸೊಸೆಯ ಮಣಿಕಟ್ಟು ಹಿಡಿದೆ.

ನಾಡಿ ಇರಲಿಲ್ಲ.

ಆಯಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಸುತ್ತ ಓಣಿಯೇ ನಿಂತಿತ್ತು. "ಜಲ್ದಿ ಹೊಡೀಲೇ ಬಂಡಿ" ಎಂದು ಆಯಿ ಮಗನಿಗೆ ಹೇಳಿದಳು. ನಾನು ಕೈ ತೆಗೆದೆ. ಬಂಡಿ ಹಳ್ಳ ಇಳಿಯಿತು, ಮರಳು ದಾಟಿತು, ಆ ದಂಡೆ ಏರಿತು. ಸಂಜೆ ಬೀಗರ ಹೊಲದಲ್ಲಿ ತೀರಿಹೋದಳೆಂದು ಸುದ್ದಿ ಬಂತು. ಆ ತಿಂಗಳ ರಿಪೋರ್ಟಿನಲ್ಲಿ ಸಾವಿನ ಮನೆಯಲ್ಲಿ ನಾನು ಸೊನ್ನೆ ಬರೆದೆ. ಕೈ ನಡುಗಿತು ಎಂದು ಹೇಳಿದರೆ ನೀವು ಮರುಗುತ್ತೀರಿ, ಆದರೆ ಇಲ್ಲ, ನಡುಗಲಿಲ್ಲ. ದುಂಡಗೆ ಬಂತು.

ಮೀಟಿಂಗಿನಲ್ಲಿ ಸಾಹೇಬರು ನನ್ನ ರಿಪೋರ್ಟು ಎತ್ತಿ ಹಿಡಿದರು. ಇಡೀ ಬೇಸಿಗೆ ಸೊನ್ನೆ ಕಾಪಾಡಿಕೊಂಡ ಊರೆಂದು ನನಗೆ ಪ್ರಶಂಸಾ ಪತ್ರ ಕೊಡುವುದಾಗಿ ಹೇಳಿದರು. ಚಪ್ಪಾಳೆ ಬಿತ್ತು. ಅದಾದ ಮೇಲೆ ಕನ್ನಡಕ ಏರಿಸಿ ಇನ್ನೊಂದು ಕಾಗದ ಓದಿದರು. ಕೊಳವೆಬಾವಿ ಹಾಕುವ ಯಂತ್ರ ನಮ್ಮ ಭಾಗಕ್ಕೆ ಬರುತ್ತದೆ, ಎರಡು ತಿಂಗಳು ಇರುತ್ತದೆ, ವಾಂತಿಭೇದಿಯಿಂದ ಸಾವಾದ ಊರುಗಳಿಗೆ ಮೊದಲು ಬೋರು.

ನಾನು ಎದ್ದು ನಿಂತೆ. "ನಮ್ಮೂರಾಗ ವರತಿ ನೀರು ಕುಡೀತಾರ್ರಿ ಸಾಹೇಬರ. ನಮಗ ಬೋರು ಬೇಕ್ರೀ" ಎಂದೆ.

"ಯಾಕ್ ಬೇ? ನಿಮ್ಮೂರಾಗ ಯಾರೂ ಸತ್ತೇ ಇಲ್ಲಲ್ಲ! ವರತಿ ನೀರ ಚಲೋ ಅದ ಅಂತಾತು" ಎಂದರು ಸಾಹೇಬರು. ಎಲ್ಲರೂ ನಕ್ಕರು. ಅವರು ಹೇಳಿದ್ದರಲ್ಲಿ ತಪ್ಪೇನು? ಕಾಗದ ಹೇಳುವುದೂ ಅದನ್ನೇ. ಕಾಗದ ನನ್ನದೇ ಅಕ್ಷರದಲ್ಲಿತ್ತು.

ಊರಿಗೆ ಬಂದು ಮನೆಮನೆ ತಿರುಗಿದೆ. ಆ ಬೇಸಿಗೆ ಹಳ್ಳ ದಾಟಿಸಿದ್ದು ಆಯಿಯ ಸೊಸೆಯನ್ನೊಬ್ಬಳನ್ನೇ ಅಲ್ಲ. "ನಿಮ್ಮವರು ಇದೇ ಬ್ಯಾನ್ಯಾಗ ಹೋದ್ರು, ಇಲ್ಲೇ ಹೋದ್ರು ಅಂತ ಒಂದು ಹೆಬ್ಬೆಟ್ಟು ಒತ್ರಿ, ಬೋರು ಬರ್ತದ" ಎಂದು ಕೈ ಮುಗಿದೆ. ಒಬ್ಬರ ಮನೆಯಲ್ಲಿ ಮದುವೆ ಇತ್ತು. ಇನ್ನೊಬ್ಬರ ಮನೆಯಲ್ಲಿ ಹೆಣ್ಣು ನೋಡಲು ಬರುವವರಿದ್ದರು. ಮಗದೊಬ್ಬರು, "ನಮ್ಮಪ್ಪ ಸತ್ತದ್ದು ಆ ದಂಡ್ಯಾಗ, ಅವ್ರನ್ನ ಕೇಳ್ರಿ" ಎಂದು ಬಾಗಿಲು ಹಾಕಿಕೊಂಡರು. ಮಾಸ್ತರಂತೂ ಕೆಂಡವಾದರು. "ಏನ್ರೀ ಇದು, ಇಲ್ಲದ ಸಾವು ಬರ್ಯಾಕ ಹೊಂಟೀರಿ? ಊರ ಮರ್ಯಾದಿ ಏನಾಗಬೇಕು? ನಾಳಿ ಪೇಪರಿನಾಗ ನಮ್ಮ ದೇಶದ ಅಂಕಿ ಏರತದ!" ನನಗೂ ತಲೆ ಕೆಟ್ಟಿತ್ತು. "ಏರಲಿ ಬಿಡ್ರಿ ಮಾಸ್ತರ, ನಿಮ್ಮ ಪೆನ್ಸಿಲ್ಲಿಗೆ ಕೆಲಸ ಸಿಗತದ" ಎಂದು ಬಂದುಬಿಟ್ಟೆ.

ಕೊನೆಗೆ ಆಯಿಯನ್ನು ಕೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ. "ಆಕಿ ಅಲ್ಲೇ ಸತ್ತಾಳ" ಎಂದಳು. "ಆಯಿ, ನಾಡಿ ಹಿಡದಾಕಿ ನಾನು" ಎಂದೆ. "ಹಿಡದಿದ್ರ ಅವತ್ತಽ ಬಾಯಿ ತೆರೀಬೇಕಿತ್ತು" ಎಂದಳು.

ಒಂದು ದಿನ ಬೋರಿನ ಲಾರಿ ನಮ್ಮೂರ ಮೇಲೇ ಹಾದು ಬೇರೆ ಊರಿಗೆ ಹೊರಟಿತು. ಶಾಲೆಯ ಹತ್ತಿರ ನಿಲ್ಲಿಸಿ ಡ್ರೈವರ್ ಕುಡಿಯಲು ನೀರು ಕೇಳಿದ. ಮಾಸ್ತರು ಒಳ್ಳೆಯ ಹಿತ್ತಾಳೆಯ ತಂಬಿಗೆಯಲ್ಲಿ ವರತಿ ನೀರು ತರಿಸಿಕೊಟ್ಟರು. "ಕುಡೀರಿ, ಕುಡೀರಿ. ನಮ್ಮೂರ ನೀರಿಗೆ ಸರಕಾರದ ಪ್ರಶಸ್ತಿ ಬಂದದ." ಡ್ರೈವರ್ ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಲಾರಿ ಹತ್ತಿದ. ನಾನು ಅವನ ಕೈಗೆ ಎರಡು ಓ.ಆರ್.ಎಸ್. ಪೊಟ್ಟಣ ಕೊಟ್ಟು ಕಳಿಸಿದೆ. ಅವನಿಗೇನೂ ಅರ್ಥವಾಗಲಿಲ್ಲ.

ಅದಾಗಿ ವಾರದೊಳಗೆ ಆಯಿಯ ಮೊಮ್ಮಗಳಿಗೆ ಶುರುವಾಯಿತು. ತಾಯಿ ಇಲ್ಲದ ಕೂಸು. ಬೆಳಗಿನ ಏಳಕ್ಕೆ ಎರಡು ಸಲ ವಾಂತಿ, ಒಂಬತ್ತಕ್ಕೆ ಕಾಲು ತಣ್ಣಗೆ. ಬಾಯಿ ತೆರೆದರೆ ದನಿ ಬರುತ್ತಿರಲಿಲ್ಲ. ನಾನು ಚಮಚದಿಂದ ಓ.ಆರ್.ಎಸ್. ನೀರು ಹಾಕುತ್ತಿದ್ದೆ, ಹಾಕಿದ್ದು ಹೊರಗೆ ಬರುತ್ತಿತ್ತು. ಹೊರಗೆ ಬಂಡಿಯ ಸದ್ದಾಯಿತು. ಓಣಿಯ ಹಿರಿಯರು ಬಂದು ನಿಂತಿದ್ದರು. "ಹೊತ್ತು ಮೀರ್ತದ. ದಾಟಿಸಿಬಿಡ್ರಿ" ಎಂದರು. ಮಗ ಎತ್ತು ಹೂಡಿದ್ದ, ಅಳುತ್ತಿದ್ದ.

"ಕೂಸು ಇನ್ನಽ ಜೀವಂತ ಅದ! ಆ ಬಂಡಿಯಾಗ ಕುಲುಕಿದ್ರ ಹೋಗಿಬಿಡತದ!" ಎಂದು ಚೀರಿದೆ. ನನ್ನ ಮಾತಿಗೆ ಅಲ್ಲಿ ಬೆಲೆ ಎಷ್ಟೆಂದು ನನಗೇ ಗೊತ್ತಿತ್ತು.

ಆಯಿ ಎದ್ದಳು. ಕೂಸನ್ನು ಬಂಡಿಗೆ ಎತ್ತಿಕೊಡಲು ಎದ್ದಳೆಂದೇ ತಿಳಿದು ನಾನು ಅದನ್ನು ಬಿಗಿಯಾಗಿ ಹಿಡಿದುಕೊಂಡೆ. ಆದರೆ ಮುದುಕಿ ನೇರ ಹೊರಗೆ ಬಂಡಿಯ ಹತ್ತಿರ ಹೋಗಿ ನೊಗದ ಕಣ್ಣಿ ಬಿಚ್ಚಿದಳು. ಎತ್ತುಗಳ ಬೆನ್ನಿಗೆ ಹೊಡೆದು ಓಡಿಸಿದಳು. ಹಿರಿಯರ ಕಡೆ ತಿರುಗಿ, "ಒಂದು ಹೆಣಾ ಕೂಡಿಸಿಕೊಂಡು ಹೋಗೀನಿ ಈ ಬಂಡಿಯಾಗ. ಇದೇ ಕೈಯಾಗ ಹಿಡಕೊಂಡು ಹೋಗೀನಿ. ಇನ್ನೊಂದು ಒಯ್ಯಂಗಿಲ್ಲ. ನಿಮ್ಮ ಒಗ್ಗರಣಿ ಸುಡಲಿ!" ಎಂದಳು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ನಾವಿಬ್ಬರೂ ಆ ದಿನವಿಡೀ ಚಮಚ ಬಿಡಲಿಲ್ಲ. ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ ಒಂದು ಚಮಚ. ಅವಳ ಕೈ ಸೋತರೆ ನಾನು, ನನ್ನ ಕೈ ಸೋತರೆ ಅವಳು. ನೀರನ್ನು ಕುದಿಸಿ ಆರಿಸಿ ಕೊಡಬೇಕೆಂದು ನಾನು ನಾಲ್ಕು ವರ್ಷದಿಂದ ಆ ಮನೆಯಲ್ಲಿ ಬಡಕೊಂಡಿದ್ದೆ. ಆ ದಿನ ಮೊದಲ ಸಲ ಆಯಿ ಒಲೆಯ ಮೇಲೆ ನೀರಿನ ಪಾತ್ರೆ ಇಟ್ಟಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂಸು ಉಚ್ಚೆ ಹೊಯ್ದಿತು. ನರ್ಸಾದವಳಿಗೆ ಅದಕ್ಕಿಂತ ಹೆಚ್ಚಿನ ಶುಭ ಸುದ್ದಿ ಇಲ್ಲ. ಆಯಿ ತೊಯ್ದ ಕೌದಿಯನ್ನು ಎದೆಗೆ ಒತ್ತಿಕೊಂಡು ಅತ್ತಳು. ಸೊಸೆ ಸತ್ತಾಗ ಆಚೆ ದಂಡೆಯಲ್ಲಿ ಬಿಗಿ ಹಿಡಿದುಕೊಂಡಿದ್ದ ಅಳುವೆಲ್ಲ ಆಗ ಬಂತು.

ಮರುದಿನ ಹನ್ನೊಂದರ ಬಸ್ಸು ಬಂದು ಮಾಸ್ತರು ಪೇಪರ್ ಬಿಡಿಸಿದ್ದರು. ಆಯಿ ನನ್ನ ಕೈ ಹಿಡಿದು ಶಾಲೆಯ ಕಟ್ಟೆಗೆ ಕರೆದುಕೊಂಡು ಹೋದಳು. ನಕಾಶೆಯ ಮುಂದೆ ನಿಂತು, ಕೂತ ಮಂದಿಗೆಲ್ಲ ಕೇಳುವಂತೆ, "ನನ್ನ ಸೊಸಿ ಈ ಊರಾಗ ಸತ್ತಾಳ. ನನ್ನ ಅಂಗಳದಾಗ ಸತ್ತಾಳ. ವರತಿ ನೀರು ಕುಡದು ಸತ್ತಾಳ. ನರ್ಸವ್ವ, ಬರಕೋ" ಎಂದಳು. ಹೆಬ್ಬೆಟ್ಟು ಮುಂದೆ ಚಾಚಿದಳು. ನಾನು ಸ್ಟಾಂಪ್ ಪ್ಯಾಡು ತೆರೆದೆ. ಮಾಸ್ತರು ಪೇಪರ್ ಮಡಿಚಿ ಬೇರೆ ಕಡೆ ನೋಡಿದರು.

ಹಿಂದಿನ ತಿಂಗಳ ಸೊನ್ನೆಯನ್ನು ಹೊಡೆದು ಒಂದು ಎಂದು ಬರೆದೆ. ಅದರ ಪಕ್ಕಕ್ಕೆ ಆಯಿಯ ಹೆಬ್ಬೆಟ್ಟು ಒತ್ತಿಸಿದೆ.

ಆಮೇಲಿನದು ಸರಕಾರದ ಕೆಲಸ, ಹೇಗೆ ಆಗಬೇಕೋ ಹಾಗೆಯೇ ಆಯಿತು. ಸಾಹೇಬರು ತಿದ್ದಿದ ರಿಪೋರ್ಟನ್ನು ಮೂರು ಸಲ ತಿರುವಿ ಹಾಕಿದರು. ನನ್ನ ಪ್ರಶಂಸಾ ಪತ್ರ ಅರ್ಧ ದಾರಿಯಿಂದಲೇ ತಿರುಗಿ ಹೋಯಿತು, ಅದರ ಬದಲು ಕಾರಣ ಕೇಳುವ ನೋಟಿಸು ಬಂತು. ಇಡೀ ಬೇಸಿಗೆ ಯಾರೂ ಸಾಯದ ಹಳ್ಳದ ದಂಡೆಯಲ್ಲಿ ನಿಮ್ಮ ಊರಿನಲ್ಲಿ ಮಾತ್ರ ಸಾವು ಹೇಗೆ ಆಯಿತು? ಆ ದಂಡೆಯ ನನ್ನ ಗೆಳತಿಗೆ ಪ್ರಶಂಸಾ ಪತ್ರ ಸಿಕ್ಕಿತು. ಹೋಲಿಸಿ ನೋಡಿದರೆ ಹಳ್ಳದ ಎರಡೂ ದಂಡೆಯಲ್ಲಿ ಎಲ್ಲಕ್ಕಿಂತ ಕೆಟ್ಟ ಊರು ನಮ್ಮದೇ ಎಂದು ಕಾಗದದಲ್ಲಿ ಬಂತು. ಆ ಒಂದು ಅಂಕಿ ಮೇಲೆ ಹೋಗಿ ಎಲ್ಲಿ ಸೇರಿತೋ, ಜಗತ್ತಿನ ಪಟ್ಟಿಯವರೆಗೆ ಹೋಯಿತೋ ಇಲ್ಲವೋ ತಿಳಿಯದು. ಪೆರು ದೇಶದವರು ಹೆಚ್ಚು ಸತ್ತರೋ, ಸತ್ತವರನ್ನು ಹೆಚ್ಚು ಬರೆದರೋ ಎಂದು ಆಗ ಮೊದಲ ಸಲ ಅನುಮಾನ ಬಂತು. ಮಾಸ್ತರಿಗೆ ಹೇಳಿದೆ. ಅವರು ಮಳೆ ಬರುತ್ತದೆಂದು ನೆಪ ಹೇಳಿ ನಕಾಶೆಯನ್ನು ಒಳಗಿಟ್ಟರು.

ಬೋರಿನ ಲಾರಿ ಬಂತು. ಶಾಲೆಯ ಹಿಂದೆ ನೀರು ಬಿತ್ತು, ಕೈಪಂಪು ನಿಂತಿತು. ಬೇಮಾರಿಯ ಹೆಸರನ್ನೇ ಹೇಳದ ಊರು ಅದನ್ನು ಸೊಸಿ ಬೋರು ಎಂದು ಕರೆಯತೊಡಗಿತು. ಮದುವೆಗಳೂ ನಿಲ್ಲಲಿಲ್ಲ, ಒಂದು ತಿಂಗಳು ಮುಂದೆ ಹೋದವು ಅಷ್ಟೆ.

ಮರುವರ್ಷದ ಬೇಸಿಗೆಗೆ ಆ ದಂಡೆಯ ಹೆಂಗಸರು ಕೊಡ ಹೊತ್ತು ಮರಳು ದಾಟಿ ನಮ್ಮ ಬೋರಿಗೆ ಬರಲು ಶುರುಮಾಡಿದರು. ಅವರ ಊರಿನಲ್ಲಿ ಇನ್ನೂ ಸೊನ್ನೆ ಇತ್ತಲ್ಲ, ಬೋರು ಎಲ್ಲಿಂದ ಬರಬೇಕು? ಆಯಿ ದಿನಾ ಮೊಮ್ಮಗಳನ್ನು ಕರೆದುಕೊಂಡು ಪಂಪಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಒಂದು ಮುಂಜಾನೆ ಹೊಸದಾಗಿ ಬಂದ ಒಬ್ಬ ಹೆಂಗಸು ಕೊಡ ಇಟ್ಟಳು. ಆಯಿ ಹಿಡಿಕೆಯ ಮೇಲೆ ಕೈಯಿಟ್ಟು, "ನಿಮ್ಮಲ್ಲಿ ಹೋದ ವರ್ಷ ಯಾರು ಹೋದ್ರು ಬೇ?" ಎಂದು ಕೇಳಿದಳು.

"ಯಾರೂ ಇಲ್ರಿ. ನಮ್ಮೂರಾಗ ಯಾರೂ ಸತ್ತಿಲ್ಲ."

"ಹಂಗಾದ್ರ ಅಲ್ಲೇ ವರತಿ ನೀರು ತುಂಬಿಕೋ. ಚಲೋ ಅದಾವ."

ಆ ಹೆಂಗಸು ಖಾಲಿ ಕೊಡ ಎತ್ತಿಕೊಂಡು ಎರಡು ಹೆಜ್ಜೆ ಹೋಗಿ ತಿರುಗಿದಳು. "ನನ್ನ ಮಗ" ಎಂದಳು. "ನಿಮ್ಮ ದಂಡಿಗಿ ತಂದಿದ್ವಿ. ಆಲದ ಗಿಡದ ಕೆಳಗ." ಹೆಸರನ್ನೂ ಹೇಳಿದಳು.

ಆಯಿ ಎದ್ದು ತಾನೇ ಹಿಡಿಕೆ ಒತ್ತಿ ಅವಳ ಕೊಡ ತುಂಬಿಸಿದಳು. ಆಮೇಲೆ ನನ್ನ ಕಡೆ ನೋಡಿ, "ಬರಕೊಂಡಿಯೇನು?" ಎಂದಳು. ಆ ತಾಲೂಕಿನ ಸಾವು ಬರೆಯುವ ಅಧಿಕಾರ ನನಗಿರಲಿಲ್ಲ. ಲಸಿಕೆಯ ಕಾರ್ಡಿನ ಹಿಂದೆ ಬರೆದುಕೊಂಡೆ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಕಾರ್ಡು ತುಂಬಿತು, ಇನ್ನೊಂದು ತಗೊಳ್ಳಬೇಕಾಯಿತು.